ಮನೆ ಕಡಲಿಗಿಳಿದ ದಿನ

ಇಸೊಲಿನಾಳ ಮನೆಗೆ ಎಂಟು ಜೊತೆ ಎತ್ತು ಕಟ್ಟಿದ್ದರು.
ನಮ್ಮ ಚಿಲೊಯೆ ದ್ವೀಪಗಳಲ್ಲಿ ಇದೇನೂ ಹೊಸದಲ್ಲ;
ಮರದ ಮನೆ ದಿಮ್ಮಿಗಳ ಮೇಲೆ ಉರುಳುತ್ತ ನಡೆಯುತ್ತದೆ,
ಉಬ್ಬರ ಬಂದರೆ ಈಜುತ್ತದೆ.
ಎಳೆದವರಿಗೆಲ್ಲ ಕೊನೆಗೆ ಊಟ. ಅಷ್ಟೇ ಕೂಲಿ.

ಆದರೆ ಕಾಯಿಲೆಗೋಸ್ಕರ ಮನೆಯೇ ಎದ್ದು ಹೊರಟಿದ್ದು
ಅದೇ ಮೊದಲು.

ರಕ್ತದ ಕ್ಯಾನ್ಸರ್ ಅಂತ ದೊಡ್ಡವರು
ಒಲೆಯ ಪಕ್ಕ ಪಿಸುಗುಟ್ಟಿದರೆ
ಒಳಗಿನಿಂದ ಅವಳು ಕೂಗುತ್ತಿದ್ದಳು:
"ಜೋರಾಗಿ ಹೇಳಿ, ನನಗೆ ಗೊತ್ತು!"
ವಾರಕ್ಕೊಮ್ಮೆ ಆಸ್ಪತ್ರೆ. ನಡುವೆ ಕಡಲು.
ಗಾಳಿ ಎದ್ದ ವಾರ ದೋಣಿ ಇಲ್ಲ,
ದೋಣಿ ಇಲ್ಲದ ವಾರ ಔಷಧ ಇಲ್ಲ.
ಅವಳಪ್ಪ ದೋನ್ ಅಬೆಲಾರ್ದೊ ಮಾತು ಕಡಿಮೆಯ ಮನುಷ್ಯ.
ಒಂದು ಬೆಳಗ್ಗೆ ಕೊಡಲಿ ತಗೊಂಡು
ಮನೆಯ ಅಡಿಗಂಬ ಕಡಿಯತೊಡಗಿದ.
"ಆಸ್ಪತ್ರೆ ಈಚೆ ಬರೋಲ್ಲ. ನಾವೇ ಆಚೆ ಹೋಗೋಣ."

ಅವಳನ್ನು ಮಾತ್ರ ಕಂಬಳಿ ಸುತ್ತಿ
ಮೋಟಾರು ದೋಣಿಯಲ್ಲಿ ಮುಂಚೆಯೇ ಕಳಿಸುವುದಿತ್ತು.
"ಕಂಬಳಿ ಹೋಗಲಿ, ನಾನು ಹೋಗಲ್ಲ.
ನನ್ನ ಕಿಟಕಿ ಕಡಲಿಗಿಳಿಯುವಾಗ
ನಾನು ಕಿಟಕಿಯಲ್ಲಿರಬೇಕು, ಬೆಲಿಸಾರಿಯೊ."

ನನಗಾಗ ಹನ್ನೊಂದು. ಬುದ್ಧಿ ಇನ್ನೂ ಕಡಿಮೆ.
ಅಜ್ಜಿಯ ಜೊತೆ ಇದ್ದಾಳೆ ಅಂದುಕೊಂಡಳು ಅವಳಮ್ಮ,
ಅಮ್ಮನ ಜೊತೆ ಅಂದುಕೊಂಡಳು ಅಜ್ಜಿ,
ಆ ಎರಡು ಅಂದುಕೊಳ್ಳುವಿಕೆಗಳ ಸಂದಿಯಲ್ಲಿ
ನಾವು ನುಸುಳಿ ಅಟ್ಟ ಹತ್ತಿದೆವು.

ಎದೆಯಲ್ಲಿ ಔಷಧದ ಕೊಳವೆ. ನೀರು ತಾಗಬಾರದು.
ಬ್ರೆಡ್ಡಿನ ಚೀಲ ಮುಚ್ಚಿ, ಸುತ್ತಲೂ ಅಂಟುಪಟ್ಟಿ ಹಚ್ಚಿದೆ;
ದೋಣಿಯ ಬಿರುಕಿಗೆ ಡಾಂಬರು ಮೆತ್ತಿದ ಕೈ, ತಪ್ಪಲಿಲ್ಲ.

ಆಲೂಗಡ್ಡೆ ಮೂಟೆಗಳ ಹಿಂದೆ ಕೂತೆವು.
ಕೆಳಗೆ ಎತ್ತುಗಳ ಏದುಸಿರು, ಗಂಡಸರ ಕೂಗು.
ಮನೆ ಮುಗ್ಗರಿಸಿತು. ನಿಂತಿತು. ಮತ್ತೆ ಹೊರಟಿತು.
ಆಮೇಲೆ ಇದ್ದಕ್ಕಿದ್ದಂತೆ ಸದ್ದೇ ಇಲ್ಲ.
ತೇಲುತ್ತಿದ್ದೆವು.

ಹಲಗೆಗಳ ಸಂದಿಯಿಂದ ಕಡಲು ಒಳಗೆ ಬಂತು,
ಬಾಗಿಲು ತಟ್ಟದೆ, ಕಾಲು ಒರೆಸದೆ.
ಕುರ್ಚಿಯೊಂದು ಅಡುಗೆಮನೆಯಿಂದ ತಾನೇ ಎದ್ದು
ಪಡಸಾಲೆಗೆ ಬಂತು. ಅವಳು ನಕ್ಕಳು,
ಬೋಳು ತಲೆಯ ಟೋಪಿ ಜಾರಿ ಬೀಳುವಷ್ಟು.

ನಡುಗಡಲಲ್ಲಿ ಹಿಂದಿನ ಮೂಲೆಯ ಹಗ್ಗ ಕಡಿಯಿತು.
ಮನೆ ವಾಲಿತು. ಆಲೂಗಡ್ಡೆ ಧಡಧಡ ಉರುಳಿದವು.
ನಾನು, ಸುಳ್ಳೇಕೆ ಹೇಳಲಿ,
ಅಮ್ಮಾ ಅಂತ ಕೂಗಿ ಅತ್ತುಬಿಟ್ಟೆ.

ಅವಳು ನನ್ನ ಬೂಟಿನ ಮೇಲೆ ಕೈಯಿಟ್ಟಳು.
"ಕಾಲ್ಬೆರಳು ಅಲ್ಲಾಡಿಸು."
"ಏನು?"
"ಬೆನ್ನಿಗೆ ಸೂಜಿ ಹಾಕುವಾಗ ಮೈ ಅಲುಗಬಾರದು.
ಹೆದರಿಕೆ ಎಲ್ಲಿಗಾದರೂ ಹೋಗಬೇಕಲ್ಲ?
ಕಾಲ್ಬೆರಳಿಗೆ ಕಳಿಸ್ತೀನಿ. ಅಲ್ಲೇ ಕುಣಿದುಕೊಳ್ಳಲಿ."

ಹತ್ತು ನನ್ನವು, ಹತ್ತು ಅವಳವು.
ಎಷ್ಟು ಹೊತ್ತೋ ಗೊತ್ತಿಲ್ಲ.
ಆಮೇಲೆ ಸೊಂಟದ ತನಕ ನೀರಿಗಿಳಿದು
ಸೂಪಿನ ಪಾತ್ರೆ, ಸೌಟು ತಂದುಕೊಟ್ಟೆ.
ಮುಂದಿನ ದೋಣಿಗಳಿಗೆ ಹಿಂದಿನ ಮೂಲೆ ಕಾಣದು;
ಅವಳು ಕಿಟಕಿಗೆ ಬಂದು ಬಾರಿಸಿದಳು ನೋಡಿ,
ಕಡಲಹಕ್ಕಿಗಳು ಚೆದುರಿಹೋದವು.

ಅವಳಪ್ಪ ತಿರುಗಿ ನೋಡಿದ.
ಖಾಲಿ ಮನೆಯ ಕಿಟಕಿಯಲ್ಲಿ ಮಗಳು.
ಬೈಯಬೇಕೋ, ದೇವರನ್ನು ಕರೆಯಬೇಕೋ,
ಹಗ್ಗ ಎಸೆಯಬೇಕೋ ತಿಳಿಯದ ಬಾಯಿ.
ಹಗ್ಗ ಎಸೆದ.

ಬೈಗುಳ ಆಚೆ ದಡದಲ್ಲಿ ಸಿಕ್ಕಿತು, ಊಟದ ಜೊತೆ.
ನನಗೆ ಎರಡು ಪಾಲು.

ಈಗ ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ಗಂಟೆ.
ಗೋಡೆಯಲ್ಲಿ ಉಪ್ಪಿನ ಗೆರೆಯೊಂದು ಉಳಿದಿದೆ,
ಆ ಬದಿಗೆ ಎತ್ತರ, ಈ ಬದಿಗೆ ತಗ್ಗು.
ಬಣ್ಣ ಬಳಿದಾಗ ದೋನ್ ಅಬೆಲಾರ್ದೊ
ಅದೊಂದನ್ನು ಬಿಟ್ಟ. ಕೇಳಿದರೆ ಬಣ್ಣ ಸಾಲಲಿಲ್ಲ ಅಂದ.

ಇವತ್ತು ಗುರುವಾರ.
ಬಿಳಿ ಬಾಗಿಲ ಆಚೆ ಅವಳು, ಈಚೆ ಬೆಂಚಿನಲ್ಲಿ ನಾನು.
ವರದಿ ಬಂದಿದೆಯಂತೆ. ನರ್ಸ್ ಅದನ್ನು
ಎರಡನೇ ಸಲ ಓದುತ್ತಿದ್ದಾಳೆ, ಮುಖ ಎತ್ತಿಲ್ಲ.
ಮಳೆಯಲ್ಲಿ ಬಂದೆ, ಬೂಟು ಒದ್ದೆ.
ಹುಡುಗ ಎಷ್ಟು ಸುಮ್ಮನೆ ಕೂತಿದ್ದಾನೆ ಅಂತ
ಯಾರೋ ಹೊಗಳಿದರು.
ಒಳಗೆ ಏನು ನಡೆಯುತ್ತಿದೆ
ಅವರಿಗೆ ಕಾಣುವುದಿಲ್ಲ.