ಸುಂಕದವಳ ಮುಂದೆ

ರಾತ್ರಿ ಎರಡೂವರೆಗೆ ಲಿಯೇಜಿನಲ್ಲಿ
ಸರಕಿನ ವಿಮಾನಗಳು ಇಳಿಯುತ್ತವೆ.
ಊರು ಮಲಗಿರುತ್ತದೆ, ನಾನು ಕೈಗವಸು ಹಾಕಿಕೊಳ್ಳುತ್ತೇನೆ.
ಬೂದು ಪ್ಲಾಸ್ಟಿಕ್ ಚೀಲಗಳಲ್ಲಿ ಜಗತ್ತೆಲ್ಲ
ಬೆಲ್ಟಿನ ಮೇಲೆ ಮಗುಚಿಕೊಳ್ಳುತ್ತ ಬರುತ್ತದೆ,
ಮೀನು ಮಾರುಕಟ್ಟೆಯ ಹಾಗೆ. ವಾಸನೆಯೊಂದಿಲ್ಲ.

ಎಲ್ಲದರ ಮೇಲೂ ಒಂದೇ ಮಾತು: ಉಡುಗೊರೆ.
ಬೆಲೆ: ಎರಡು ಯೂರೋ.
ಇಷ್ಟೊಂದು ಪ್ರೀತಿ ಭೂಮಿಯ ಮೇಲೆ ಇದ್ದಿದ್ದರೆ
ನನಗೆ ಈ ಕೆಲಸ ಎಲ್ಲಿರುತ್ತಿತ್ತು?

ಪಕ್ಕದ ಮೇಜಿನ ವಿವೀನ್‌ಗೆ
ಮೂವತ್ತು ವರ್ಷದ ಸರ್ವಿಸು, ಮೊಣಕಾಲು ನೋವು.
ಪೊಟ್ಟಣ ಅಲ್ಲಾಡಿಸಿಯೇ ಹೇಳಿಬಿಡುತ್ತಾಳೆ:
ಇದು ಚಾರ್ಜರು, ಇದು ಯಾರದೋ ಒಳಉಡುಪು, ಇದು ಸುಳ್ಳು.

ಮೊನ್ನೆ ಸಿಕ್ಕಿದ್ದು ಒಂದು ಆಟಿಕೆ. ಹೊಳೆಯುವ ಗುಂಡುಗಳು,
ಮೆಣಸಿನ ಕಾಳಿನಷ್ಟು, ಒಂದಕ್ಕೊಂದು ಅಂಟುವ ಅಯಸ್ಕಾಂತ.
ಎರಡು ನುಂಗಿದರೆ ಸಾಕು,
ನಡುವೆ ಕರುಳು ಸಿಕ್ಕಿ ತೂತು.
ಮಾರಿದವರು ಯಾರು?
ಅಂಗಡಿಯ ಹೆಸರು ಎಂಟು ಇಂಗ್ಲಿಷ್ ಅಕ್ಷರ,
ಒಂದೂ ಸ್ವರವಿಲ್ಲ, ಬಾಯಿಗೆ ಬರುವುದಿಲ್ಲ.
ವಿಳಾಸ ಇಲ್ಲ. ಫೋನಿನ ಜಾಗದಲ್ಲಿ ಸೊನ್ನೆಗಳ ಸಾಲು.
ತಡೆದೆವು. ಮರುದಿನ ಅದೇ ಗುಂಡುಗಳು
ಬೇರೆ ಎಂಟು ಅಕ್ಷರ ಹೊದ್ದು ಬಂದವು.

ಅದಕ್ಕೇ ಈ ಕಾಯಿದೆ. ಒಕ್ಕೂಟದ ಒಳಗೆ
ಒಬ್ಬ ಜವಾಬ್ದಾರ ವ್ಯಕ್ತಿ ಇರಬೇಕು.
ಹೆಸರು, ಬೀದಿ, ಬಾಗಿಲ ಸಂಖ್ಯೆ.
ಮಗುವಿಗೆ ಏನಾದರೂ ಆದರೆ
ಹೋಗಿ ಬಡಿಯಲು ಒಂದು ಬಾಗಿಲಾದರೂ ಬೇಕಲ್ಲ.
ಒಳ್ಳೆಯ ಕಾಯಿದೆ. ಇವತ್ತಿಗೂ ಹಾಗೇ ಅನ್ನುತ್ತೇನೆ.

ಆಮೇಲೆ ಈ ಪೊಟ್ಟಣ ಬಂತು.
ಕಿರ್ಗಿಸ್ತಾನ, ಕೊಚ್ಕೋರ್ ಎಂಬ ಊರಿನಿಂದ.
ಕಂದು ಕಾಗದ, ಬಿಗಿದು ಕಟ್ಟಿದ ಹುರಿ.
ಬೆಲೆ: ಮೂವತ್ತೆಂಟು ಯೂರೋ.
ನಿಜವಾದ ಬೆಲೆ! ವಿವೀನ್ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.
ಒಳಗೆ ಒಂದು ಜೊತೆ ಉಣ್ಣೆಯ ಚಪ್ಪಲಿ,
ಬಿಸಿನೀರು ಸುರಿದು ತುಳಿದು ತುಳಿದು ಗಟ್ಟಿ ಮಾಡಿದ್ದು.
ಕುರಿಯ ವಾಸನೆ, ಸಾಬೂನಿನ ವಾಸನೆ.
ಗೋದಾಮಿನೊಳಗೆ ಯಾವುದೋ ಪ್ರಾಣಿ
ಎದ್ದು ಮೈ ಕೊಡವಿದ ಹಾಗಾಯಿತು.

ಜವಾಬ್ದಾರ ವ್ಯಕ್ತಿ ಎಂಬಲ್ಲಿ,
ಗೆರೆ ದಾಟಿ, ಅಂಚಿನವರೆಗೂ ಬರೆದಿದ್ದಳು:
ನಾನೇ. ಸಾಯ್ರಾಕುಲ್ ಬೈಗಜಿಯೇವಾ.
ಉಣ್ಣೆ ನನ್ನ ತಂಗಿಯ ಕುರಿಗಳದು.
ಬಣ್ಣ ಈರುಳ್ಳಿ ಸಿಪ್ಪೆಯದು.
ಎಡಗಾಲಿನದು ಒಂದೆಳೆ ದೊಡ್ಡದಿದೆ,
ಕೊಂಡವರು ಹಾಗೇ ಕೇಳಿದ್ದು, ತಪ್ಪಲ್ಲ.
ಏನಾದರೂ ಆದರೆ ಬಸ್ ನಿಲ್ದಾಣದಲ್ಲಿ ಇಳಿದು
ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ.

ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳಿಬಿಟ್ಟಿದ್ದಾಳೆ.

ಆರಂಕಿಯ ಸಂಕೇತ ಹುಡುಕಿದೆ.
ಅಟ್ಟೆ ಯಾವುದರದು? ತೊಗಲೋ, ರಬ್ಬರೋ?
ಕುರಿ ಎಂಬ ಆಯ್ಕೆ ಇರಲಿಲ್ಲ. ‘ಇತರೆ’ ಒತ್ತಿದೆ.
ಅವಳ ಹೆಸರು ಹಾಕಿದೆ. ಕಂಪ್ಯೂಟರು ಒಪ್ಪಲಿಲ್ಲ,
ಅಂಚೆಯ ಸಂಖ್ಯೆ ಒಕ್ಕೂಟದ ಹೊರಗಿನದು.
ಇನ್ನೊಮ್ಮೆ ಹಾಕಿದೆ, ನಿಧಾನವಾಗಿ,
ನಿಧಾನಕ್ಕೆ ಹೇಳಿದರೆ ಅರ್ಥವಾದೀತು ಎಂಬಂತೆ.

ನನ್ನದೇ ವಿಳಾಸ ಬರೆದುಬಿಡಲೇ ಎಂದುಕೊಂಡದ್ದು ನಿಜ.
ಮೂರನೆಯ ಮಹಡಿ, ಬೇಕರಿಯ ಮೇಲೆ.
ಬೆರಳು ಕೀಲಿಗಳ ಮೇಲೆ ನಿಂತಿತ್ತು.
ಬರೆಯಲಿಲ್ಲ.

ಕೈಗವಸು ಕಳಚಿ ಎಡಗಾಲಿನದರೊಳಗೆ
ಬರಿಗೈ ಇಟ್ಟು ನೋಡಿದೆ.
ವಿವೀನ್ ಬೇರೆಲ್ಲೋ ನೋಡುತ್ತಿದ್ದಳು.

ಮರಳಿಸು ಎಂದು ಒತ್ತಿದೆ.
ಷರಾ ಬರೆಯಲು ಇಪ್ಪತ್ತು ಅಕ್ಷರಕ್ಕೆ ಜಾಗ.
ಎಡಗಾಲು ದೊಡ್ಡದು, ತಪ್ಪಲ್ಲ, ಎಂದು ಬರೆದೆ.
ಇಲ್ಲೇ ಅರವತ್ತು ಕಿಲೋಮೀಟರ್ ಆಚೆ, ನಾಮೂರಿನಲ್ಲಿ,
ಯಾರದೋ ಪಾದ ಚಳಿಗಾಲಕ್ಕೆ ಕಾಯುತ್ತಿದೆ.

ಬೆಲ್ಟು ಸರಿಯಿತು.
ಉಡುಗೊರೆ. ಎರಡು ಯೂರೋ.