ಬ್ರೇಕ್ ಇಲ್ಲದ ಸೀಟು

ಮುಂದ ಕಸ್ತೂರಿ, ಹಿಂದ ನಾನು.
ನಾದಿನಿ ಅತ್ತಿಗಿ ಒಂದ ಸೈಕಲ್ ಮ್ಯಾಲ
ಅಂದ್ರ ಅರ್ಧ ಧಾರವಾಡಕ್ಕ ಅದ ನಗಿ.
ದುರ್ಗದಬೈಲಿನ ದಾವಲಸಾಬ
ಎರಡು ಹಳೇ ಸೈಕಲ್ ಕೊಯ್ದು ಒಂದು ಮಾಡಿಕೊಟ್ಟಾನ;
ಬೆಸುಗಿ ಹಾಕಿದಲ್ಲಿ ಇನ್ನೂ ಗಂಟು ಗಂಟು,
ಮಾಯ್ದ ಗಾಯದ್ಹಂಗ.

"ಹಿಂದಿನಾಕಿ ತುಳೀತಾಳೋ, ಸುಮ್ಮ ಕುಂತಿರತಾಳೋ?"
ಸಪ್ತಾಪುರದ ಚಹಾದಂಗಡಿಯಿಂದ ಉಣಕಲ್ ಕೆರಿ ದಂಡಿತನಕ
ಇದೊಂದ ಪ್ರಶ್ನಿ. ಕೇಳೋದೂ ನನಗಲ್ಲ, ಕಸ್ತೂರಿಗೆ.
ಹ್ಯಾಂಡಲ್ ಇದ್ದಾಕಿಗೇ ಬಾಯಿ ಇರತೈತಿ ಅಂತ ಲೆಕ್ಕ.

ರವಿವಾರ ಮುಂಜಾನೆ ಒಂಟಿ ಸೈಕಲ್ಲಿನವರು ಬರತಾರ,
ಮೈಗೆ ಹತ್ತಿದ ಅಂಗಿ, ಕರಿ ಕನ್ನಡಕ,
ಎದುರಾದ್ರ ಹಿಡಿಕಿಯಿಂದ ಎರಡು ಬೊಟ್ಟು ಎತ್ತತಾರ,
ತಮ್ಮ ತಮ್ಮೊಳಗ.
ನಮ್ಮನ್ನ ನೋಡೋದು ಲಗ್ನದ ಗಾಡಿ ನೋಡಿದಂಗ:
ದಾರಿ ಬಿಡತಾರ, ನಗತಾರ, ಲೆಕ್ಕಕ್ಕ ಹಿಡಿಯೂದಿಲ್ಲ.

ನವಲೂರ ಏರಿನಾಗ ಅವರು ಮುಂದ.
ಇಳಿವಿನಾಗ ನಾವು. ಇಬ್ಬರ ತೂಕ, ಎರಡ ಗಾಲಿ,
ಪ್ಯಾರಲಹಣ್ಣಿನ ಬುಟ್ಟಿ ಎಲ್ಲಾ ಒಂದು ಹಸರು ಗೆರಿ ಆಗಿ
ಹಿಂದ ಸರೀತಾವ. ಆಗ ಯಾರೂ ನಗೂದಿಲ್ಲ.
"ಇದು ಮೋಸ" ಅಂತಾನ ಪದ್ಮರಾಜ ಉಪಾಧ್ಯೆ, ಕಸ್ತೂರಿಗೆ.
ಅವನ ಸೈಕಲ್ಲು ನಮ್ಮ ಮನಿ ಫ್ರಿಜ್ಜು, ಟೀವಿ, ತಿಜೂರಿ
ಕೂಡಿಸಿದಷ್ಟು ರೊಕ್ಕದ್ದು,
ಒಂದ ಬೊಟ್ಟಿಲೆ ಎತ್ತಬಹುದಂತ.

ಆಷಾಢದಾಗ ಮಾತ್ರ ಬ್ಯಾರೆ.
ಹುಬ್ಬಳ್ಳಿಂದ ತಿರುಗಿ ಬರಬೇಕಾದ್ರ ಪಡುವಣ ಗಾಳಿ
ಎದಿಗೆ ಎದಿ ಕೊಡತೈತಿ, ಚಿಗರಿ ಬಸ್ಸಿನ ಬಾಗಲಾ ಸುದ್ಧಾ ನಡಗತಾವ.
ಅಂಥಾ ಒಂದು ದಿನ ಭೈರಿದೇವರಕೊಪ್ಪದಿಂದ ಸತ್ತೂರತನಕ
ಪದ್ಮರಾಜ ನಮ್ಮ ಹಿಂದ ಅಂಟಿಕೊಂಡ.
ಕಸ್ತೂರಿ ಗಾಳಿ ಸೀಳತಿದ್ಲು, ನಾನು ಅಕಿ ಮರಿಗೆ,
ಅವ ನನ್ನ ಮರಿಗೆ. ಅವನ ಉಸರು ನನಗ ಕೇಳಸತಿತ್ತು.
ಸತ್ತೂರು ಬಂತು, ಎದ್ದು ನಿಂತು ತುಳದು ಹೋಗೇ ಬಿಟ್ಟ.
ಒಂದ ಮಾತಿಲ್ಲ.
ಚಹಾ ಕುಡದ ಬೀಗ ಸುದ್ಧಾ "ಬರ್ತೇನ್ರಿ" ಅಂತಾನ.

ನಾವೇನು ಸಾಚಾ ಅಲ್ಲ.
ಒಮ್ಮೆ ಒಂಟಿಯವನೊಬ್ಬ ಪಂಚರ್ ಆಗಿ
ಹುಣಸಿಗಿಡದ ಬುಡಕ್ಕ ಕುಂತಿದ್ದ.
"ಪಾಪ, ಪಂಪ್ ಹಿಡೀಲಿಕ್ಕೂ ಯಾರಿಲ್ಲ"
ಅಂತ ಇಬ್ಬರೂ ಒಂದ ದನಿಲೆ ಅಂದು, ನಿಲ್ಲದ ಹೋದ್ವಿ.
ಮೂರು ದಿನದಾಗ ನಾವು ಆಡಿದ ಮೊದಲ ಮಾತು ಅದು.
ಉಪ್ಪಿನಕಾಯಿ ಭರಣಿ ವಿಷಯಕ್ಕ ಮಾತು ಬಿಟ್ಟಿದ್ವಿ,
ಕಾಲು ಮಾತ್ರ ಕೂಡೇ ತಿರಗತಿದ್ವು;
ಅಕಿ ಸಿಟ್ಟು ಪೆಡಲಿನಾಗ ಬರತಿತ್ತು,
ನಾನೂ ಉತ್ತರಾ ಅಲ್ಲೇ ಕೊಡತಿದ್ದೆ.

ಮೊನ್ನೆ ಕಸ್ತೂರಿಗೆ ಜ್ವರ.
ಓಣಿಯ ಸುವಾರ್ತಾಬಾಯಿ ಲೇಡೀಸ್ ಸೈಕಲ್ ಇಸಕೊಂಡು
ಕೆಲಗೇರಿ ಕೆರಿತನಕ ಒಬ್ಬಾಕಿನ ಹೋದೆ.
ನಾಕು ವರ್ಷ ಆಗಿತ್ತು ಬ್ರೇಕ್ ಹಿಡಿದು.
ಸುಮ್ಮಸುಮ್ಮನ ಹಿಡಿದೆ, ಬಿಟ್ಟೆ, ಮತ್ತ ಹಿಡಿದೆ.
ಒಂದ ಬೆನ್ನು, ಅದರ ಬೆವರಿನ ನಕಾಶಿ
ನೋಡಿ ನೋಡಿ ರೂಢಿಬಿದ್ದ ಕಣ್ಣಿಗೆ ರಸ್ತೆ ಕಂಡಿತು,
ರಸ್ತೆಯೊಳಗ ಒಂದು ನಾಯಿ, ಆಚೆ ಕೆರಿಯ ತುಣುಕು.
ಏರು ಬಂದಾಗ "ಏರು" ಅಂತ ಯಾರೂ ಹೇಳಲಿಲ್ಲ.
ತಡಾಗಿ ತುಳದೆ.

ಆಗ ಎದುರಿಗೆ ಪದ್ಮರಾಜ.
ಹಿಡಿಕಿಯಿಂದ ಎರಡು ಬೊಟ್ಟು ಎತ್ತಿದ. ನನಗ!
ಗುರತು ಹಿಡದಿರಲಿಲ್ಲ. ಹೆಂಗ ಹಿಡೀತಾನ,
ಅವ ನೋಡಿದ್ದು ನನ್ನ ಬೆನ್ನು.

ನಾನೂ ಬೊಟ್ಟು ಎತ್ತಿದೆ. ಸೈಕಲ್ ಹೊಯ್ದಾಡಿತು.
ಮನಿಗೆ ಬಂದು ಕಸ್ತೂರಿಗೆ ಗಂಜಿ ಕೊಟ್ಟೆ,
ನಾಯಿ ಸುದ್ದಿ ಹೇಳಿದೆ, ಕೆರಿ ಸುದ್ದಿ ಹೇಳಿದೆ,
ಇದೊಂದು ಹೇಳಲಿಲ್ಲ.