ಏಳನೆಯ ಸಾಲು

ಯೋಯೆನ್ಸೂ ಊರಿನ ಪ್ರಯೋಗಶಾಲೆ. ಫೆಬ್ರವರಿ.
ಕಿಟಕಿಯಾಚೆ ನದಿ ಕಲ್ಲಾಗಿ ಮಲಗಿದೆ.
ಗದ್ದವನ್ನು ಈ ಪಟ್ಟಿಯ ಮೇಲಿಡಿ, ಅನ್ನುತ್ತೇನೆ,
ರೆಪ್ಪೆ ಬಡಿಯಬಹುದು, ತಲೆ ಅಲ್ಲಾಡಿಸಬೇಡಿ.

ಇವತ್ತಿನ ಹನ್ನೊಂದನೆಯವರು ತೌನೊ ಹುತ್ತುನೆನ್.
ಕಾಗದದ ಗಿರಣಿಗೆ ಮೂವತ್ತು ವರ್ಷ ಕೋಡ್ ಬರೆದವರು.
ಉಣ್ಣೆಯ ಟೋಪಿ ತೊಡೆಯ ಮೇಲೆ.
ಬೆಳಿಗ್ಗೆಯ ಹುಡುಗರು ಕುರ್ಚಿಯನ್ನು ತೀರ ಇಳಿಸಿ ಹೋಗಿದ್ದರು;
ಏರಿಸಿಕೊಟ್ಟೆ.

ಪರದೆಯ ಮೇಲೆ ಹನ್ನೆರಡು ಸಾಲು.
ಟಿಪ್ಪಣಿಗಳನ್ನೆಲ್ಲ ನಾನೇ ಕಿತ್ತಿದ್ದೇನೆ,
ಹೆಸರುಗಳನ್ನು ಅಳಿಸಿ ಎ, ಬಿ, ಸಿ ಎಂದಿಟ್ಟಿದ್ದೇನೆ.
ಹೆಸರಿನ ಊರುಗೋಲಿಲ್ಲದೆ ಅರ್ಥ
ಎಷ್ಟು ದೂರ ನಡೆದೀತು, ನೋಡೋಣವೆಂದು.

ಕಣ್ಣು ನಿಂತಲ್ಲಿ ಒಂದು ಕೆಂಪು ಬೊಟ್ಟು.
ಹೆಚ್ಚು ಹೊತ್ತು ನಿಂತರೆ ದೊಡ್ಡ ಬೊಟ್ಟು.
ಹಿಂದಕ್ಕೆ ಹೊರಳಿದರೆ ಒಂದು ಗೆರೆ.
ಎಣ್ಣೆಗೆ ಪಾವು, ಧಾನ್ಯಕ್ಕೆ ಕೊಳಗ;
ತಿಳಿದದ್ದಕ್ಕೆ ಇದು, ಸದ್ಯಕ್ಕೆ.

ಒಂದು, ಎರಡು, ನಾಲ್ಕು, ಐದು...
ಹಿಮದ ಹೆದ್ದಾರಿಯಲ್ಲಿ ಹಳೆಯ ಚಾಲಕನ ಹಾಗೆ
ಅವಸರವಿಲ್ಲ, ಬ್ರೇಕೂ ಇಲ್ಲ.
ಏಳಕ್ಕೆ ಬಂದು ನಿಂತರು.

ಹತ್ತು ಸೆಕೆಂಡು. ಇಪ್ಪತ್ತು.
ಬೊಟ್ಟು ಊದಿ ಊದಿ ಅಕ್ಕಪಕ್ಕದ ಸಾಲುಗಳನ್ನೂ ನುಂಗಿತು.
ಪಾಪೆ ಹಿಗ್ಗಿದೆ, ಅಂತು ಯಂತ್ರ.
ನಲವತ್ತೊಂದು.
ಬರೆದುಕೊಂಡೆ: ಇಲ್ಲಿ ಎಡವಿದರು.

ಉತ್ತರ ಸರಿಯಿತ್ತು. ಹದಿನೇಳು.

ಗದ್ದದ ಮೇಲಿನ ಗುರುತು ಉಜ್ಜಿಕೊಳ್ಳುತ್ತ ಕೇಳಿದರು:
ಇದು ನಿಮಗೆಲ್ಲಿ ಸಿಕ್ಕಿತು?
ಯಾರೋ ಕೊಟ್ಟ ಹಳೆಯ ಕಡತದಲ್ಲಿ, ಅಂದೆ.
'ಇದು ಐಲಿ ಬರೆದದ್ದು.
ಲೋಕವೆಲ್ಲ ಸೊನ್ನೆಯಿಂದ ಎಣಿಸಿದರೆ ಅವಳು ಒಂದರಿಂದ.
ಸೊನ್ನೆಯನೆಯ ಸುರುಳಿ ಅಂತ ಗೋದಾಮಿನಲ್ಲಿ ಇದ್ದರೆ
ಹೊತ್ತು ತಂದು ತೋರಿಸು, ಅನ್ನುತ್ತಿದ್ದಳು.
ಅದಕ್ಕೇ ಏಳರಲ್ಲಿ ಒಂದು ಕಳೆದಿದ್ದಾಳೆ, ನೋಡಿ.
ಆ ಒಂದಕ್ಕೆ ಒಂದಿಡೀ ರಾತ್ರಿ ಜಗಳವಾಡಿದ್ದೆವು,
ಗಿರಣಿ ನಿಂತಿತ್ತು, ಕಾಫಿ ಮುಗಿದಿತ್ತು.'

ಈಗೆಲ್ಲಿದ್ದಾಳೆ ಎಂದು ನಾನು ಕೇಳಲಿಲ್ಲ.
ಬಂದವರಿಗೆಲ್ಲ ಕೊಡುವ ಎರಡು ಸಿನಿಮಾ ಟಿಕೇಟು ಚಾಚಿದರೆ
ಒಂದೇ ಸಾಕು, ಅಂದರು.

ನಾಲ್ಕಕ್ಕೇ ಕತ್ತಲೆ.
ನಲವತ್ತೊಂದು ಸೆಕೆಂಡಿನಲ್ಲಿ ತಿಳಿಯಲು ಹಿಡಿದದ್ದೆಷ್ಟು,
ತಿಳಿದ ಮೇಲೂ ಅಲ್ಲೇ ಕೂತದ್ದೆಷ್ಟು?
ನಮ್ಮ ಕೋಷ್ಟಕದಲ್ಲಿ ಇರುವುದು ಒಂದೇ ಖಾನೆ.
ಕಲಕಿದ ನೀರು ತಿಳಿಯಾಗುವ ಹೊತ್ತನ್ನು ಅಳೆಯಹೊರಟವಳು ನಾನು;
ತಿಳಿಯಾದ ಮೇಲೆ ಬಗ್ಗಿ ಅದರೊಳಗೆ
ಯಾರನ್ನೋ ಹುಡುಕುವವರೂ ಇರುತ್ತಾರೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.

'ಎಡವಿದರು' ಅಳಿಸಿದೆ.
ಬದಲಿಗೆ ಏನು ಬರೆಯಬೇಕೋ ಹೊಳೆಯಲಿಲ್ಲ.
ಮೂವತ್ತು ದಾಟಿದ್ದನ್ನು ಕೈಬಿಡಿ, ಅನ್ನುತ್ತದೆ ನಿಯಮ.

ಹನ್ನೆರಡನೆಯವಳು ಬಾಗಿಲಲ್ಲಿ
ಬೂಟಿನ ಹಿಮ ಕೊಡವುತ್ತಿದ್ದಾಳೆ.
ಕುರ್ಚಿ ಇಳಿಸಿದೆ.